ಕಿವಿಯ ಹಿಂದಿನ ಕಪ್ಪು ಚುಕ್ಕೆ

ಮಧುಗಿರಿಯ ನನ್ನ ಪಾರ್ಲರಿಗೆ ಪಾವಗಡದ ಕಡೆಯ ಅಮ್ಮ ಒಬ್ಬರು ಬಂದು, ತಲೆ ಮೇಲಿನ ಸೆರಗು ಸರಿಸಿದರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಉದುರಿದ್ದ ಕೂದಲು ಬೆರಳುದ್ದ ಬಂದಿತ್ತು, ಪೂರ್ತಿ ಬೆಳ್ಳಗೆ.

"ಮಗಳ ಮದುವೆ ಐತೆ, ಕಪ್ಪು ಮಾಡ್ಬುಡಮ್ಮ. ಡಾಕ್ಟ್ರು ಹೂಂ ಅಂದವ್ರೆ."

"ಮೊದಲು ಕಿವಿ ಹಿಂದೆ ಬಣ್ಣದ ಒಂದು ಚುಕ್ಕೆ ಹಚ್ಚಿ, ಮೈಗೆ ಒಗ್ಗುತ್ತಾ ನೋಡ್ತೀನಿ. ಎರಡು ದಿನ ಬಿಟ್ಟು ಬನ್ನಿ" ಎಂದೆ.

"ಅಷ್ಟು ದೂರದಿಂದ ಬಂದಿದ್ದು ಚುಕ್ಕೆ ಇಡ್ಸ್ಕಳಾಕಾ?" ಎಂದು ಗೊಣಗಿಕೊಂಡೇ ಹಚ್ಚಿಸಿಕೊಂಡು ಹೋದರು.

ಹೇಳಿದ ದಿನ ಬಂದರು. ತುರಿಕೆ ಇಲ್ಲ, ಉರಿ ಇಲ್ಲ. ನಾನು ಖುಷಿಯಿಂದ ಬಣ್ಣ ಕಲಸಲು ಬಟ್ಟಲು ತೆಗೆದೆ.

"ಬ್ಯಾಡ ಬುಡು ಕಣಮ್ಮ! ಬಸ್ಸಲ್ಲಿ ಸೆರಗು ಜಾರ್ತು. ಬಿಳೀ ತಲೆ ನೋಡಿ ಇಬ್ಬರು ಎದ್ದು ಸೀಟು ಬುಟ್ಕೊಟ್ರು. ಮದುವೇಲೂ ಇಂಗೇ ಇರ್ತೀನಿ. ಒಸಿ ಎಣ್ಣೆ ಹಚ್ಚು, ಸಾಕು."

ಹಚ್ಚಿ ಕಳಿಸಿದೆ. ಹತ್ತು ವರ್ಷದಿಂದ ತಲೆಗೆ ಕಪ್ಪು ಹಚ್ಚಿಕೊಂಡು, ಕೊರಟಗೆರೆಯಿಂದ ದಿನಾ ಬಸ್ಸಿನಲ್ಲಿ ನಿಂತೇ ಬರುವವಳು ನಾನು.