ಅಪ್ಪ ಮುಟ್ಟಿದ ಎಲೆಗಳು

ಇವತ್ತು ಮಧ್ಯಾಹ್ನ ಅಪ್ಪ ಅರಕೆರೆಯಿಂದ ಬಂದ. ಪಾಂಡವಪುರದ ನಮ್ಮ ಮನೆಗೆ ಅವನು ಬರಿಗೈಯಲ್ಲಿ ಬಂದದ್ದೇ ಇಲ್ಲ. ಕೈಚೀಲವನ್ನು ನಡುಮನೆಯಲ್ಲಿ ಮಗುಚಿ ಬದನೆಕಾಯಿ, ದಂಟಿನ ಸೊಪ್ಪು, ಅವ್ವ ಕಟ್ಟಿಕೊಟ್ಟ ಸಾರಿನ ಪುಡಿ ಎಲ್ಲ ತೆಗೆದಿಟ್ಟ. ಕೊನೆಗೆ ಅಂಗಿಯ ಜೇಬಿನಿಂದ ಮಿರಮಿರ ಮಿಂಚುವ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟ.

“ಪಟ್ಣದಲ್ಲಿ ಬಸ್ಸಿಳಿದಾಗ ನಿಮ್ ನದೀಮನ ಅಂಗಡೀಲಿ ಈಸ್ಕಂಡೆ. ಅದೇನೋ ಆಡ್ತಿದ್ದಲ್ಲವ್ವಾ, ನಂಗೂ ಒಸಿ ಯೋಳ್ಕೊಡು. ನಾಳೆಗಂಟ ಸುಮ್ಕೆ ಕೂತು ಏನ್ ಮಾಡಾನ?”

ನಾಳೆ ಬೆಳಿಗ್ಗೆ ಅವನನ್ನು ಮೈಸೂರಿಗೆ ಸ್ಕ್ಯಾನಿಂಗಿಗೆ ಕರೆದೊಯ್ಯಬೇಕು. ಎದೆಯ ಎಕ್ಸ್‌ರೇಯಲ್ಲಿ ಏನೋ ಮಬ್ಬು ಕಂಡಿದೆ. “ಏನೂ ಇರಲಾರದು, ಆದರೂ ನೋಡಿಬಿಡೋಣ” ಅಂದರು ಡಾಕ್ಟರು. ಆ ‘ಆದರೂ’ ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಪೊಟ್ಟಣದ ಬಾಯಿ ಹರಿದೆ, ಒಳಗೆ ಆಟದ ಎಲೆಗಳು. ಹೊಸ ಪಠ್ಯಪುಸ್ತಕಕ್ಕೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿದಂಥ ವಾಸನೆ ಮೂಗಿಗೆ ಹೊಡೆಯಿತು. ಒಂದು ಕಾಲಕ್ಕೆ ಆ ವಾಸನೆಗೆ ನಾನು ಬಾಯಿ ಬಾಯಿ ಬಿಡುತ್ತಿದ್ದೆ. ಈಗ ಹರಿದ ಬಾಯನ್ನು ಮತ್ತೆ ಮಡಚಿ ಹಿಡಿದೆ. ಅಪ್ಪನಿಗೆ ಸ್ಕ್ಯಾನಿಂಗ್ ಅಂದರೆ ಯಾವ ಮಗಳಿಗಾದರೂ ಭಯವೇ ಎಂದು ನೀವು ಹೇಳಬಹುದು. ನನ್ನ ಭಯದ ಬೇರು ಬೇರೆ ಕಡೆ ಇದೆ. ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳ ಬಾಯಲ್ಲಿ ಇಂಥ ಮಾತು ಕೇಳಿದರೆ ನಾನಾದರೂ ನಗುತ್ತಿದ್ದೆ.

ಮದುವೆಗೆ ಮುಂಚೆ ನಾನು ಶ್ರೀರಂಗಪಟ್ಟಣದ, ಅಪ್ಪನ ಬಾಯಲ್ಲಿ ಬರೀ ‘ಪಟ್ಣ’ದ, ಒಂದು ಶಾಲೆಯಲ್ಲಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ ನದೀಮ ಪ್ರಶ್ನೆಪತ್ರಿಕೆ ಅಚ್ಚು ಮಾಡಿಕೊಡುತ್ತಿದ್ದ. ಅಂಗಡಿಯ ಮಹಡಿಯಲ್ಲಿ ಭಾನುವಾರ ನಾಲ್ಕಾರು ಜನ ಸೇರಿ ಈ ಕಾರ್ಡಿನ ಆಟ ಆಡುತ್ತಿದ್ದರು. ಆಗಾಗ ಪಂದ್ಯ ಇಟ್ಟರೆ ಕೆ.ಆರ್. ಪೇಟೆ, ನಾಗಮಂಗಲದಿಂದಲೂ ಬರುತ್ತಿದ್ದರು. “ಲೆಕ್ಕದ ಮೇಡಂಗೆ ಇದು ಉಪ್ಪಿಟ್ಟು ತಿಂದಂಗೆ ಅಕ್ಕಾ, ಬನ್ನಿ” ಎಂದು ನದೀಮ ಕರೆದ. ಹೋದೆ. ಹೋದವಳು ಅಂಟಿಕೊಂಡೆ.

ಇದು ಇಸ್ಪೀಟಲ್ಲ. ರಾಜ ರಾಣಿ ಇಲ್ಲ, ಪಣ ಇಲ್ಲ. ಒಂದೊಂದು ಎಲೆಯ ಮೇಲೂ ಒಂದು ಚಿತ್ರ, ಕೆಳಗೆ ಎರಡು ಮೂರು ಸಾಲು ನಿಯಮ. ಆ ಸಾಲೇ ಕಾನೂನು. ನೀವು ನನ್ನ ಮೇಲೆ ಒಂದು ಶಾಪ ಹಾಕಿದಿರಿ ಅನ್ನಿ. ಅದು ಕೂಡಲೇ ತಗಲುವುದಿಲ್ಲ, ಮೇಜಿನ ನಡುವೆ ಕಾಯುತ್ತ ಕೂರುತ್ತದೆ. ಅಷ್ಟರಲ್ಲಿ ನಾನು ಅದರ ಮೇಲೆ ಇನ್ನೊಂದು ಎಲೆ ಇಟ್ಟು ಉತ್ತರ ಕೊಡಬಹುದು, ನನ್ನ ಉತ್ತರಕ್ಕೆ ನೀವು ಉತ್ತರ ಕೊಡಬಹುದು. ಎಲ್ಲರೂ ಸಾಕು ಅಂದ ಮೇಲೆ ಮೇಲಿನಿಂದ ಬಿಚ್ಚುತ್ತ ಬರಬೇಕು. ತೊಳೆದು ಪೇರಿಸಿದ ತಟ್ಟೆಯ ಹಾಗೆ, ಕೊನೆಗೆ ಇಟ್ಟದ್ದು ಮೊದಲು.

ನನ್ನ ಹೆಸರು ನಡೆಯುತ್ತಿದ್ದದ್ದು ಎರಡೇ ಎಲೆಯಿಂದ. ಒಂದು ಬಡಕಲು ಮೇಕೆ, ಇನ್ನೊಂದು ‘ದಿಕ್ಕು ಬದಲು’. ಈ ಹೆಸರುಗಳೆಲ್ಲ ನದೀಮ ಇಟ್ಟವು. ಮೇಕೆಯನ್ನು ಮುಂದೆ ಕಟ್ಟುತ್ತಿದ್ದೆ. ಅದರ ಮೇಲೆ ಯಾರಾದರೂ ಗುರಿ ಇಟ್ಟರೆ ನನಗೆ ಇನ್ನೊಂದು ಎಲೆ ಸಿಗುತ್ತಿತ್ತು. ಎದುರಿನವರು ರೇಗಿ ‘ಮಾರಿಕಣ್ಣು’ ಎಂಬ ಸಾವಿನ ಶಾಪವನ್ನೇ ಹಾಕಿದರೆ, ಅದರ ಮೇಲೆ ‘ದಿಕ್ಕು ಬದಲು’ ಇಡುತ್ತಿದ್ದೆ. ನನ್ನದು ಕೊನೆಯದು, ಹಾಗಾಗಿ ಮೊದಲು ನಡೆಯುವುದು ಅದೇ. ಶಾಪ ತಿರುಗಿ ಅವರೇ ಮುಂದೆ ನಿಲ್ಲಿಸಿದ್ದ ಡ್ರಾಗನ್ನಿನ ಕುತ್ತಿಗೆಗೆ ಬೀಳುತ್ತಿತ್ತು. ನಾಗಮಂಗಲದವರು ಒಬ್ಬರು “ಈ ಮೇಕೆ ಮೇಡಂ ಜೊತೆ ನಂಗೆ ಜೋಡಿ ಹಾಕ್ಬೇಡ್ರಪ್ಪಾ” ಎಂದು ಕೈ ಮುಗಿದಿದ್ದರು. ನಾನು ಬೀಗಿದ್ದೇ ಬೀಗಿದ್ದು.

ಮನೆಯಲ್ಲಿ ಮಾತ್ರ ಈ ವಿಷಯ ಎತ್ತುವ ಹಾಗಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಇಸ್ಪೀಟಿನ ಹುಚ್ಚು. ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಕೂತರೆ ಏಳುತ್ತಿರಲಿಲ್ಲ. ಒಂದು ದಿನ ನನಗೆ ಜ್ವರ ನೆತ್ತಿಗೇರಿತು. ಅವ್ವ ಎರಡು ಸಲ ಹೇಳಿ ಕಳಿಸಿದರೂ ‘ಈ ಆಟ ಮುಗೀಲಿ’ ಅಂದನಂತೆ. ಅಷ್ಟರಲ್ಲಿ ನನಗೆ ಫಿಟ್ಸು ಬಂದು, ಅವ್ವ ಪಕ್ಕದ ಮನೆಯವರ ಟ್ರಾಕ್ಟರಿನಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದಳು. ಬದುಕಿ ಮನೆಗೆ ಬಂದ ದಿನ ಅವ್ವ ಒಂದು ಮಾತೂ ಬೈಯಲಿಲ್ಲ. ದೇವರ ಮುಂದೆ ನನ್ನನ್ನು ಕೂರಿಸಿ, ಅಪ್ಪನ ಅಂಗೈಯನ್ನು ಎಳೆದು ನನ್ನ ತಲೆಯ ಮೇಲೆ ಇಟ್ಟಳು.

“ಇನ್ಮ್ಯಾಲೆ ಎಲೆ ಮುಟ್ಟುದ್ರೆ ನನ್ ಮಗಳು ನಂಗೆ ದಕ್ಕದಿರ್ಲಿ” ಅಂದ ಅಪ್ಪ.

ಆ ಕೈಯ ಭಾರ ಇನ್ನೂ ನೆನಪಿದೆ. ಅಲ್ಲಿಂದ ಮುಂದೆ ಅಪ್ಪ ಎಲೆ ಕಂಡರೆ ಹಾವು ಕಂಡವನಂತೆ ಆಡುತ್ತಿದ್ದ. ಬೀಗರ ಮನೆಯಲ್ಲಿ ಯಾರಾದರೂ ಜಮಖಾನ ಹಾಸಿ ಎಲೆ ಕಲೆಸಿದರೆ, ಎದ್ದು ಹೋಗಿ ಅಡುಗೆಯವರ ಹತ್ತಿರ ನಿಂತು ಬೇಡದಿದ್ದರೂ ಈರುಳ್ಳಿ ಹೆಚ್ಚಿಕೊಡುತ್ತಿದ್ದ.

ಒಂದು ಭಾನುವಾರ ಪಂದ್ಯಕ್ಕೆ ಹೊರಟಿದ್ದೆ. ಅಂಗಳದಲ್ಲಿ ಭತ್ತ ಒಣಹಾಕಿತ್ತು. ಸ್ಕೂಟರು ಹತ್ತುವಾಗ ಬ್ಯಾಗಿನ ಜಿಪ್ಪು ಬಿಚ್ಚಿಕೊಂಡು ಡಬ್ಬಿ ಬಿದ್ದು ಎಲೆಗಳೆಲ್ಲ ಭತ್ತದ ಮೇಲೆ ಚೆಲ್ಲಾಡಿದವು. ಪ್ಲಾಸ್ಟಿಕ್ ಕವರಿನೊಳಗೆ ಬಣ್ಣಬಣ್ಣದ ಚಿತ್ರ. ಸ್ಕೂಲು ಮಕ್ಕಳದ್ದು ಅಂದುಕೊಂಡನೋ ಏನೋ, ಅಪ್ಪ ಬಗ್ಗಿ ಬಾಚಿಕೊಂಡ. ನಾನು “ಅಪ್ಪಾ, ಬೇಡ” ಅನ್ನುವಷ್ಟರಲ್ಲಿ ಅವನ ಕೈ ತಾನಾಗಿಯೇ ಎಲೆಗಳನ್ನು ಕುಟ್ಟಿ ಸಮ ಮಾಡಿ, ಹೆಬ್ಬೆರಳಿನಿಂದ ಬೀಸಣಿಗೆಯಂತೆ ಬಿಡಿಸಿಬಿಟ್ಟಿತ್ತು. ಇಪ್ಪತ್ತು ವರ್ಷ ಬಿಟ್ಟಿದ್ದರೂ ಆ ಬೆರಳು ಏನನ್ನೂ ಮರೆತಿರಲಿಲ್ಲ. ಬಿಡಿಸಿದ ಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡ.

“ಏನವ್ವಾ ಇವು?”

“ಆಟದ್ದು ಅಪ್ಪಾ. ಇಸ್ಪೀಟಲ್ಲ.”

“ಎಲೆ ತಾನೆ?”

ಎಲೆಗಳು ಅವನ ಕೈಯಿಂದ ಉದುರಿದವು. ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದ, ಮತ್ತೆ ತೊಳೆದ, ಮೊಳಕೈವರೆಗೂ ಉಜ್ಜಿಕೊಂಡ.

ಅಂದಿನಿಂದ ಅಪ್ಪ ಕಾವಲಿಗೆ ನಿಂತ. ನನ್ನ ಸ್ಕೂಟರಿನ ಹಿಂದೆ ಟಿವಿಎಸ್‌ನಲ್ಲಿ ನಾಲೆ ಏರಿಯ ಉದ್ದಕ್ಕೂ ಬರುತ್ತಿದ್ದ. ನಾನು ಬಚ್ಚಲಿಗೆ ಹೋದರೆ ಹೊರಗಿನಿಂದ “ಅವ್ವಾ, ಚೆನ್ನಾಗಿದ್ದೀಯಾ?” ಎಂದು ಕೂಗುತ್ತಿದ್ದ. ಮುದ್ದೆ ಮುರಿದವನು ಹಾಗೇ ಬಿಟ್ಟು ಏಳುತ್ತಿದ್ದ. “ಅವು ಮಕ್ಕಳಾಡವು, ಅದುಕ್ಕೂ ಆಣೆಗೂ ಏನ್ ಸಂಬಂದ?” ಎಂದು ಅವ್ವ ಬಾಯಲ್ಲಿ ಹೇಳುತ್ತಿದ್ದಳು, ಹೇಳುತ್ತಲೇ ನನ್ನ ಹಣೆಗೆ ಅಂತ್ರದ ತಾಯಿತ ತಂದು ಒತ್ತುತ್ತಿದ್ದಳು. ನಾನು ಇಬ್ಬರನ್ನೂ ರೇಗಿಸುತ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಹಿಂಡಿ ಎರಡು ಹೆಜ್ಜೆ ಇಟ್ಟೆ ನೋಡಿ, ನಾನು ನಿಂತಿದ್ದ ಕಲ್ಲಿನ ಮೇಲೇ ತೆಂಗಿನ ಒಣಗರಿ ದಡಾರನೆ ಬಿತ್ತು. ತೆಂಗಿನ ಮರದಿಂದ ಗರಿ ಬೀಳುವುದು ಸಹಜ ಎಂದು ನನಗೂ ಗೊತ್ತು. ಆದರೆ ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಅವತ್ತಿನಿಂದ ರೇಗಿಸುವುದು ನಿಂತಿತು.

ಹೆದರಿದವಳು ಹೋದದ್ದು ಎಲ್ಲಿಗೆ ಹೇಳಿ? ನದೀಮನ ಹತ್ತಿರ. ಪಂದ್ಯದಲ್ಲಿ ತಕರಾರು ಬಂದರೆ ತೀರ್ಪು ಕೊಡುವವನು ಅವನೇ. “ಅಪ್ಪ ಮುಟ್ಟಿದ್ದು ಪ್ಲಾಸ್ಟಿಕ್ ಕವರು ನದೀಮ, ಎಲೆಗೆ ಬೆರಳೇ ತಾಗಿಲ್ಲ” ಎಂದು, ಆಣೆಯ ಕಥೆಯೆಲ್ಲ ಹೇಳಿ, ವಾದ ಹೂಡಿದೆ. ಅವನು ಜೆರಾಕ್ಸ್ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದ.

“ಕವರಲ್ಲಿದ್ರೂ ಕಾರ್ಡು ಕಾರ್ಡೇ ಅಕ್ಕಾ. ಇಲ್ಲಾಂದ್ರೆ ನಾವೆಲ್ಲಾ ಇಷ್ಟು ದಿನ ಪ್ಲಾಸ್ಟಿಕ್ ಆಡ್ತಿದ್ವಾ? ಆದ್ರೆ ಗಾಬ್ರಿ ಆಗ್ಬೇಡಿ. ಇನ್ನೂ ಏನೂ ಆಗಿಲ್ಲ ಅಂದ್ರೆ ಉತ್ತರ ಕೊಡೋಕೆ ಟೈಮ್ ಐತೆ ಅಂತ್ಲೇ ಅರ್ಥ. ಅಲ್ಲಾ ಮೇಲವ್ನೆ.”

ಅವನು ತಮಾಷೆಗೆ ಹೇಳಿದನೋ ನಿಜಕ್ಕೋ, ನನಗಂತೂ ಎದೆ ಹಗುರಾಯಿತು. ಮನೆಗೆ ಬಂದು ಅಪ್ಪನ ಮುಂದೆ ಕೂತು ಮೂರು ಲೋಟ ತಂದಿಟ್ಟು ಪಾಠ ಮಾಡಿದೆ. ಇದು ಶಾಪ, ಇದು ಕಾಯ್ತಾ ಐತೆ. ಇದರ ಮೇಲೆ ಇದನ್ನು ಮಡಗಿದರೆ ಇದು ಮೊದಲು ನಡೀತದೆ. ಅಪ್ಪ ಅಷ್ಟು ಗಮನವಿಟ್ಟು ನನ್ನ ಮಾತು ಯಾವತ್ತೂ ಕೇಳಿರಲಿಲ್ಲ.

“ಕೊನೇಲಿ ಮಡಗಿದ್ದೇ ಮೊದ್ಲಾ?”

“ಹೂಂ ಅಪ್ಪಾ.”

“ಬರಾದು ಬಂದೇ ಬತ್ತದೆ. ಯಾರ್ ಮ್ಯಾಲೆ ಅನ್ನಾದು ಮಾತ್ರ ಬದಲಾಯ್ತದೆ, ಅಲ್ವಾ?”

“ಹೂಂ. ನಾನು ಪಂದ್ಯ ಗೆಲ್ಲೋದೇ ಅಂಗೆ” ಅಂದೆ. ಹೆಮ್ಮೆಯಿಂದಲೇ ಅಂದೆ.

ಮಾರನೆಯ ದಿನ ಅಪ್ಪ ತಲೆಗೆ ನೀರು ಹಾಕಿಕೊಂಡು ಮಾರಮ್ಮನ ಗುಡಿಗೆ ಹೋಗಿ ಬಂದ. ಬಂದವನೇ ಅವರೆಕಾಳಿನ ಸಾರು ಹಾಕಿಸಿಕೊಂಡು ಮುದ್ದೆ ಉಂಡ, ಇನ್ನೊಂದು ಕೇಳಿ ಉಂಡ, ಜಗಲಿಯಲ್ಲಿ ಗೊರಕೆ ಹೊಡೆದ. ನಾನು ಖುಷಿಯಾಗಿ ಅವ್ವನ ಕಡೆ ತಿರುಗಿದೆ. ಅವ್ವ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

“ನಿಮ್ಮಪ್ಪ ಆಣೆ ಮ್ಯಾಲೆ ಆಣೆ ಮಾಡ್ಬುಟ್ಟು ಬಂದವ್ರೆ ಕಣೇ. ಮಗಳಿಗೆ ಬರಾದೆಲ್ಲಾ ನಂಗೇ ಬರ್ಲಿ ಅಂತ.”

ಜಗಲಿಗೆ ಓಡಿ ಅಪ್ಪನನ್ನು ಅಲ್ಲಾಡಿಸಿ ಎಬ್ಬಿಸಿ “ಯಾರು ಕೇಳಿದ್ರು ನಿನ್ನ?” ಎಂದು ಕಿರುಚಿದೆ. “ನೀನೇ ಯೋಳ್ಕೊಟ್ಟಿದ್ದಲ್ಲವ್ವಾ” ಅಂದ, ನಿದ್ದೆಗಣ್ಣಿನಲ್ಲಿ ನಕ್ಕು ಮಗ್ಗುಲಾದ.

ನಾನೂ ಗುಡಿಗೆ ಹೋದೆ, ತಿರುಗಿಸಿದ್ದನ್ನು ಮತ್ತೆ ನನ್ನ ಮೇಲೆ ತಿರುಗಿಸಿಕೊಳ್ಳುವುದಕ್ಕೆ. ಮಾರಮ್ಮನ ಮುಂದೆ ಕೈ ಮುಗಿದು ನಿಂತಾಗ ಅಪ್ಪನ ಗೊರಕೆ ನೆನಪಾಯಿತು. ನಾನು ವಾಪಸು ತೆಗೆದುಕೊಂಡರೆ ಅವನ ನಿದ್ದೆ ಮತ್ತೆ ಹೋಗುತ್ತದೆ. ಮತ್ತೆ ಬಂದು ಇಲ್ಲೇ ನಿಂತು ಮತ್ತೆ ತಿರುಗಿಸುತ್ತಾನೆ. ಬಾಯಿ ಬಿಡದೆ ಮನೆಗೆ ಬಂದೆ. ಎಲೆಗಳ ಡಬ್ಬಿಗೆ ಟೇಪು ಸುತ್ತಿದೆ.

ಅಲ್ಲಿಂದ ಇಲ್ಲಿಯವರೆಗೆ ಅಪ್ಪ ಯಾವುದಕ್ಕೂ ಹೆದರಿಲ್ಲ. ಎಲ್ಲ ಇತ್ಯರ್ಥ ಆಯಿತು ಅನ್ನುವವನ ಹಾಗೆ ನಾಲೆಯ ಅಂಚಿನಲ್ಲಿ ನಡೆಯುತ್ತಾನೆ, ಕರೆಂಟು ಇರುವಾಗಲೇ ಮೋಟಾರಿನ ಡಬ್ಬಿಗೆ ಕೈ ಹಾಕುತ್ತಾನೆ. ಹೆದರುವ ಕೆಲಸ ಪೂರ್ತಿ ನನ್ನ ಪಾಲಿಗೆ ಬಂದಿದೆ. ಅರಕೆರೆಯಲ್ಲಿ ಅಪ್ಪನ ಜೊತೆಗಿರುವ ತಮ್ಮನ ಫೋನು ಹೊತ್ತಲ್ಲದ ಹೊತ್ತಿಗೆ ಬಂದರೆ ನಾನು ಎತ್ತುವುದಿಲ್ಲ, ನನ್ನ ಗಂಡನೇ ಎತ್ತಬೇಕು. ಈಗ ಎಕ್ಸ್‌ರೇಯ ಮಬ್ಬು.

ಪೊಟ್ಟಣ ಹಿಡಿದು ನಾನು ಇಷ್ಟೆಲ್ಲ ನೆನೆಯುತ್ತ ನಿಂತಿದ್ದರೆ, ಅಪ್ಪ ಆಗಲೇ ಚಾಪೆ ಹಾಸಿ ಕೂತಿದ್ದ. ಒಂದು ಪೊಟ್ಟಣದ ಎಲೆ ಆಟಕ್ಕೆ ಸಾಲದು. ಅಟ್ಟದಿಂದ ಹಳೆಯ ಡಬ್ಬಿ ಇಳಿಸಿದೆ. “ಮುಟ್ಟಬೋದಾ ಅಪ್ಪಾ?” ಎಂದು ಕೇಳಿದೆ. “ಮುಟ್ಟಿದ್ದಾಯ್ತಲ್ಲ, ಇನ್ನೇನು?” ಅಂದ. ಕಲಿಯುವವರ ಎಲೆ ಬಿಚ್ಚಿಟ್ಟೇ ಆಡಿಸಬೇಕು. ಅಪ್ಪ ತನ್ನವನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಜೋಡಿಸಿದ. ಬಲು ಬೇಗ ಕಲಿತ. ನನ್ನ ಮೇಕೆಯ ಹತ್ತಿರವೂ ಸುಳಿಯಲಿಲ್ಲ, ಕಳ್ಳ.

ನನ್ನ ಕೈಗೆ ಮಾರಿಕಣ್ಣು ಬಂತು. ಹಾಕಲೋ ಬೇಡವೋ ಎಂದು ಎರಡು ಸಲ ಎತ್ತಿ ಇಳಿಸಿದೆ. “ಹಾಕವ್ವಾ, ಆಟ ಅಂದ್ಮ್ಯಾಲೆ ಹಾಕ್ಬೇಕು” ಅಂದ. ಹಾಕಿದೆ. ಅವನ ಸಾಲಿನ ಕೊನೆಯಲ್ಲಿ ‘ದಿಕ್ಕು ಬದಲು’ ಇತ್ತು. ನಾನು ಬೆರಳಿಟ್ಟು ತೋರಿಸಿದೆ.

“ಐತಲ್ಲಪ್ಪಾ, ಮಡಗು. ತಿರುಗಿಸು ನನ್ ಕಡೀಕೆ.”

ಅಪ್ಪ ಆ ಎಲೆಯನ್ನು ಕೈಗೆತ್ತಿಕೊಂಡು ನೋಡಿದ. ಚಾಪೆಯ ಆಚೆಗೆ ಬೋರಲು ಇಟ್ಟ.

“ನಿನ್ ಮ್ಯಾಲಾ? ಅದೆಂಗವ್ವಾ ಆಯ್ತದೆ” ಅಂದ. “ನಾನೇ ಸೋತೆ ಅಂತ ಬರ್ಕೋ. ಇನ್ನೊಂದಾಟ ಹಾಕು.”

ಎಲೆಗಳನ್ನು ಒಟ್ಟು ಮಾಡಿದೆ. ಕಲೆಸಲು ಕೈ ಬರಲಿಲ್ಲ. ಅಪ್ಪ ಅವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕಲೆಸಿದ.