ಅಜ್ಜಿ ತೊಳೆದ ವಾಲ್ವ್‌ಗಳು

ಆಗೆಲ್ಲ ನಮ್ಮ ಜಯಪುರದ ಕಡೆ ಜೀಪು ಕೆಟ್ಟರೆ ಯಾರೂ ಹೊಸ ಸಾಮಾನಿಗೆ ಓಡುತ್ತಿರಲಿಲ್ಲ. ಮೊದಲು ಬಿಚ್ಚುತ್ತಿದ್ದರು, ಜಗಲಿಯಲ್ಲಿ ಹರವುತ್ತಿದ್ದರು, ಆಮೇಲೆ ಕಾಫಿ ಕುಡಿಯುತ್ತ ವಾದಕ್ಕೆ ಕೂರುತ್ತಿದ್ದರು. ಸೀಮೆಎಣ್ಣೆ, ಗ್ರೀಸು, ಬೆಲ್ಲದ ಕಾಫಿ ಸೇರಿದ ಆ ವಾಸನೆ ಗೊತ್ತಿದ್ದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಅದು ಕಾಫಿ ಕೊಯ್ಲಿನ ಕಾಲ. ಅಪ್ಪಯ್ಯನ ಜೀಪು ದಿನಾ ಕೆಲಸದವರನ್ನು ಬೇಗಾರಿನ ಕಡೆಯ ತೋಟಕ್ಕೆ ಒಯ್ಯುತ್ತಿತ್ತು. ಏರು ಬಂದಾಗೆಲ್ಲ ಎಳೆಯಲಾರದೆ ಎಲ್ಲರನ್ನೂ ಇಳಿಸತೊಡಗಿದಾಗ ತೋಟದ ಲೆಕ್ಕ ನೋಡುವ ರೈಟರು ಖಡಾಖಂಡಿತ ಹೇಳಿಬಿಟ್ಟರು: ಸೋಮವಾರ ಸರಿಯಾಗಿ ಬರದಿದ್ದರೆ ಈ ಕೊಯ್ಲಿಗೆ ಬೇರೆ ಜೀಪು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಇಬ್ರಾಹಿಂ ಕಾಕ ಬಂದು ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದರು. ವಾಲ್ವ್‌ಗಳು ಸವೆದು ಗಾಳಿ ಸೋರುತ್ತಿತ್ತು.

"ಎಲ್ಲ ಹೊಸತು ಹಾಕುವ ಮಾರಾಯ್ರೇ. ಇದನ್ನು ಉಜ್ಜಿ ಎಂತ ಮಾಡೋದು?" ಎಂದರು ಕಾಕ.

"ಸುಟ್ಟದ್ದು ಒಂದೇ, ಅದನ್ನು ಬದಲಿಸುವ. ಉಳಿದದ್ದಕ್ಕೆ ಎಂತ ಆಗಿದೆ? ಸರಿಯಾಗಿ ಕೂತರೆ ಓಡ್ತದೆ," ಎಂದ ಅಪ್ಪಯ್ಯ.

ಅಪ್ಪಯ್ಯನ ಮಾತೇ ನಡೆಯಿತು. ಸುಟ್ಟದ್ದರ ಜಾಗಕ್ಕೆ ಕಾಕನ ಚೀಲದಲ್ಲಿದ್ದ ಹೊಸದೊಂದು ಬಂತು. ಪ್ರತಿ ವಾಲ್ವಿಗೂ ತರಿತರಿ ಪೇಸ್ಟ್ ಹಚ್ಚಿ, ತುದಿಗೆ ರಬ್ಬರ್ ಇರುವ ಕೋಲಿನಿಂದ ಹಿಡಿದು, ಅದು ಕೂರುವ ಕುಳಿಯಲ್ಲೇ ಅಂಗೈಗಳ ನಡುವೆ ತಿರುಗಿಸಿ ಉಜ್ಜಬೇಕು. ಉಜ್ಜಿದ ಮೇಲೆ ಯಾವುದು ಯಾವ ಕುಳಿಯದೋ ಅಲ್ಲಿಗೇ ಹೋಗಬೇಕು. ಅದಲುಬದಲಾದರೆ ಮತ್ತೆ ಸೋರುತ್ತದೆ. ಅದಕ್ಕೇ ಅಪ್ಪಯ್ಯ ಒಣ ಅಡಿಕೆ ಹಾಳೆಗೆ ತೂತು ಕೊರೆದು ಸಾಲಾಗಿ ಸಿಕ್ಕಿಸಿದ್ದ. ಎಲ್ಲ ಮುಗಿಸಿ, ಬೊಬ್ಬೆ ಎದ್ದ ಕೈ ತೊಳೆದು ಇಬ್ಬರೂ ಊಟಕ್ಕೆ ಕೂತರು.

ನಮ್ಮಜ್ಜಿಗೆ ಮಸಿ ಕಂಡರೆ ಆಗದು. ನಾವು ಉಂಡು ಬರುವಷ್ಟರಲ್ಲಿ ಬೂದಿ, ತೆಂಗಿನ ನಾರು ಹಾಕಿ ಹಾಳೆಯಲ್ಲಿದ್ದ ಅಷ್ಟನ್ನೂ ಕಿತ್ತು ಬೆಳಗಿ, ದೊಡ್ಡದೆಲ್ಲ ಒಂದು ಕಡೆ, ಸಣ್ಣದೆಲ್ಲ ಒಂದು ಕಡೆ ಚಂದ ಮಾಡಿ ಜೋಡಿಸಿದ್ದಳು!

"ಅಮ್ಮಾ! ಎಂತ ಕೆಲಸ ಮಾಡಿದ್ಯೇ!" ಅಪ್ಪಯ್ಯನ ಕೂಗು ರಸ್ತೆಗೆ ಕೇಳಿರಬೇಕು. ಜೀಪಿನ ಕೆಲಸ ಹೋಯಿತೆಂದೇ ಅಂದುಕೊಂಡೆ.

ಅಜ್ಜಿ ಮಾತ್ರ ಜಗ್ಗಲಿಲ್ಲ. "ಮಸಿ ಹಿಡಿದಿತ್ತು, ತೊಳೆದೆ. ಬೊಬ್ಬೆ ಹೊಡೀಬೇಡ. ಈಗ ಎಂತ ಆಗಬೇಕು, ಅದು ಹೇಳು."

"ಮೊದಲಿಂದ ಉಜ್ಜಬೇಕು. ನಮ್ಮ ಕೈ ನೋಡು, ಸುಲಿದುಹೋಗಿದೆ."

"ಕೊಡು ಇಲ್ಲಿ."

ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ದಿನಾ ಕಡೆಗೋಲು ತಿರುಗಿಸಿದ ಕೈ ಅದು.

"ಅಜ್ಜೀ, ಜೋರು ಒತ್ತಬೇಡಿ," ಎಂದರು ಕಾಕ.

"ನೀ ಸುಮ್ಮನಿರು ಮಾರಾಯ. ಒತ್ತಿದ್ರೆ ಬೆಣ್ಣೆ ಬರ್ತದಾ? ತಿರುಗಿಸಿದ್ರೆ ಬರೋದು."

ಕರಕರ ಎನ್ನುತ್ತಿದ್ದ ಸದ್ದು ಮೆಲ್ಲಗೆ ನುಣುಪಾಯಿತು. ಒಂದೊಂದನ್ನೂ ಅಪ್ಪಯ್ಯ ಕೂಡಲೇ ಅದರ ಜಾಗದಲ್ಲಿ ಕೂರಿಸುತ್ತ ಹೋದ. ಹಾಳೆಯ ತಂಟೆಗೇ ಹೋಗಲಿಲ್ಲ. ಸಂಜೆ ಹೆಡ್ಡಿನ ಕುಳಿಗಳಿಗೆ ಸೀಮೆಎಣ್ಣೆ ಹೊಯ್ದು ಸೋರುತ್ತದೋ ಎಂದು ಎಲ್ಲರೂ ಬಗ್ಗಿ ನೋಡಿದೆವು. ಒಂದು ಹನಿ ಇಳಿಯಲಿಲ್ಲ. ಕಾಕ ಇನ್ನೊಂದು ಲೋಟ ಕಾಫಿ ಕೇಳಿದರು.

ಸೋಮವಾರ ಅಜ್ಜಿ ಮುಂದಿನ ಸೀಟಿನಲ್ಲಿ ತಾನೇ ಹತ್ತಿ ಕೂತಳು. ಏರು ಬಂದಾಗ ಹಿಂದೆ ಕೂತವರು ಅಭ್ಯಾಸಬಲದಿಂದ ಇಳಿಯಲು ಎದ್ದರು. "ಯಾರೂ ಇಳೀಬೇಡಿ!" ಎಂದಳು ಅಜ್ಜಿ. ಜೀಪು ಅಷ್ಟೂ ಜನರನ್ನು ಹೊತ್ತು ಗುಡ್ಡ ಹತ್ತಿತು. ಆ ಹೆಮ್ಮೆ ನನಗಿನ್ನೂ ಇದೆ.

ಈಚೆಗೆ ನನ್ನ ಕಾರಿಗೂ ಅದೇ ರೋಗ ಬಂತು. ಸರ್ವಿಸ್ ಸೆಂಟರಿನವರು ಹೆಡ್ಡನ್ನೇ ಬದಲಿಸಿದರು. ಕಾರು ಚೆನ್ನಾಗಿ ಓಡುತ್ತಿದೆ, ಸುಳ್ಳು ಹೇಳಬಾರದು. ಹಳೆಯ ವಾಲ್ವ್‌ಗಳನ್ನು ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಟ್ಟರು.

"ಯಾವುದು ಎಲ್ಲಿಯದು?" ಎಂದು ಕೇಳಿದೆ.

"ಅದೆಲ್ಲ ಎಂತಕ್ಕೆ ಮೇಡಂ? ಗುಜರಿಗೆ ಹೋಗೋದಲ್ವಾ," ಎಂದ ಹುಡುಗ.

ಮನೆಗೆ ತಂದು ಬೂದಿ ಹಾಕಿ ಬೆಳಗಿದೆ. ದೊಡ್ಡದೆಲ್ಲ ಒಂದು ಕಡೆ, ಸಣ್ಣದೆಲ್ಲ ಒಂದು ಕಡೆ ಇಟ್ಟೆ. ಯಾರೂ ಬೊಬ್ಬೆ ಹೊಡೆಯಲಿಲ್ಲ.