ನಾಲ್ಕನೇ ಮಹಡಿಯ ಉಲ್ಟಾ ಗಾಜು

ಬೀಡಿ, ಸಿಗರೇಟು ಯಾವುದನ್ನೂ ಮುಟ್ಟದ ಸದಾನಂದಣ್ಣನ ಜೇಬಿನಲ್ಲಿ ಲೈಟರ್ ಯಾಕೆ ಬಂತು?

ಕಳೆದ ವಾರ ಬಹ್ರೇನ್‌ನ ಮುಹರ್ರಕ್‌ನ ಹೊಸ ಆಸ್ಪತ್ರೆ ಕಟ್ಟಡವೊಂದರಲ್ಲಿ ನನಗೆ ಉತ್ತರ ಸಿಕ್ಕಿತು. ಸಿಗದೇ ಇದ್ದರೆ ಚೆನ್ನಾಗಿತ್ತು ಅಂತ ಆಗ ಅನಿಸಿದ್ದೂ ನಿಜ.

ನಮ್ಮದು ಕಟ್ಟಡಗಳಿಗೆ ಕಿಟಕಿ ಗಾಜು ಕೂರಿಸುವ ಕಂಪನಿ. ನಾನು ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. (ನನ್ನನ್ನು ಎಂಜಿನಿಯರ್ ಅಂದುಕೊಂಡ ಓದುಗರು ಕ್ಷಮಿಸಬೇಕು.) ಸದಾನಂದಣ್ಣ ಕಟಪಾಡಿಯವರು, ನಮ್ಮ ಫೋರ್‌ಮನ್.

ಬಹ್ರೇನ್‌ನಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ. ನಾವೆಲ್ಲ ಇಲ್ಲಿ ಬೆವರುತ್ತಿರುವುದು ಅದಕ್ಕೇ ಅಲ್ಲವೇ? ಆದರೆ ಈ ಆಸ್ಪತ್ರೆಯ ಮಾಲೀಕರು ಹೊರದೇಶದ ಕಂಪನಿ. ಕರೆಂಟ್ ಉಳಿಸುವ ಕಿಟಕಿ ಹಾಕಿದರೆ ಅವರ ದೇಶದಲ್ಲಿ ಟ್ಯಾಕ್ಸ್ ರಿಯಾಯಿತಿ ಉಂಟಂತೆ. ಹಾಗಾಗಿ ಜೋಡಿ ಗಾಜು ಬಂತು. ಎರಡು ಹಾಳೆ, ನಡುವೆ ಸಂದು, ಆ ಸಂದಿನ ಬದಿಗೆ ಬಿಸಿಲನ್ನು ತಡೆಯುವ ಕಣ್ಣಿಗೆ ಕಾಣದ ಲೇಪ. ಆ ಲೇಪ ಹೊರಗಿನ ಹಾಳೆಯಲ್ಲೇ ಇರಬೇಕು. ಉಲ್ಟಾ ಕೂರಿಸಿದರೆ ಬಿಸಿಲು ಒಳಗೇ ಬರುತ್ತದೆ.

ಆ ರಿಯಾಯಿತಿಗಾಗಿ ಕಿಟಕಿ ಪರೀಕ್ಷಿಸಲು ಆಡಿಟರ್ ಬರುವ ಹಿಂದಿನ ದಿನ ಸದಾನಂದಣ್ಣ ನನ್ನ ಟೇಬಲ್ ಹತ್ತಿರ ಬಂದು ನಿಂತರು.

"ಮೇಡಂ, ನಾಲ್ಕನೇ ಫ್ಲೋರ್‌ದು ಗಾಜು ಉಲ್ಟಾ ಆಗಿದೆ. ವೆಸ್ಟ್ ಸೈಡ್ ಪೂರ್ತಿ. ಇವತ್ತು ಚೆಕ್ ಮಾಡುವಾಗ ಗೊತ್ತಾದ್ದು."

"ಹೇಗೆ? ಗಾಜಿನ ಮೇಲೆ ಸ್ಟಿಕ್ಕರ್ ಇರುತ್ತದಲ್ಲ?"

"ನಾನೇ ತೆಗ್ಸಿದ್ದು. ಈ ಸೆಕೆಗೆ ಸ್ಟಿಕ್ಕರ್‌ನ ಗಮ್ ಗಾಜಿಗೆ ಬೆಂದು ಹಿಡೀತದೆ. ಮತ್ತೆ ಬ್ಲೇಡಲ್ಲಿ ಕೆರೆದ್ರೆ ಗೀರು ಬೀಳ್ತದೆ. ಹಾಗೆ ಈ ಲೋಡಿದ್ದು ನಮ್ಮ ಸಲ್ಮಾಬಾದ್ ಶೆಡ್ಡಲ್ಲೇ ಎಲ್ಲ ಕಿತ್ತು ಕಳ್ಸಿದೆ. ಮೊದ್ಲಿನ ಒಂಟಿ ಗಾಜಿಗೆಲ್ಲ ಹಾಗೇ ಮಾಡಿದ್ದು ಮಾರಾಯ್ರೆ, ಅದಕ್ಕೆ ಒಳಗೆ ಹೊರಗೆ ಅಂತ ಇರ್ಲಿಲ್ಲ."

ಸೋಮಾರಿಯಾದವನು ಮಾಡುವ ತಪ್ಪಲ್ಲ ಇದು. ಗಾಜಿಗೆ ಒಂದು ಗೀರೂ ಬೀಳಬಾರದು ಎಂದು ಒದ್ದಾಡುವವನು ಮಾತ್ರ ಮಾಡಬಹುದಾದ ತಪ್ಪು.

"ಗಾಜನ್ನು ಸರಿಯಾದ ಬದಿಗೆ ಕೂರಿಸಲಾಗಿದೆ, ಪರಿಶೀಲಿಸಲಾಗಿದೆ" ಎಂಬ ಹಾಳೆಗೆ ಸಹಿ ಹಾಕಿದವಳು ನಾನು. ಎಲ್ಲಿ ಕೂತು ಪರಿಶೀಲಿಸಿದ್ದೆ? ಆಫೀಸಿನ ಎಸಿಯಲ್ಲಿ. ಇತ್ತ ಸದಾನಂದಣ್ಣನ ವರ್ಕ್ ಪರ್ಮಿಟ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ರಿನ್ಯೂವಲ್ ಕಾಗದ ಸಹಿಗಾಗಿ ಮ್ಯಾನೇಜರ್ ಟೇಬಲ್ ಮೇಲಿದೆ; ಸಹಿ ಬೀಳದಿದ್ದರೆ ಊರಿಗೆ ವಾಪಸ್.

"ಸುಮ್ಮನಿರಿ. ನೋಡಿದರೆ ಯಾರಿಗೂ ಗೊತ್ತಾಗಲ್ಲ" ಎಂದೆ.

ಹೌದು, ಹಾಗೆಂದವಳು ನಾನೇ. ಈ ಅಂಕಣದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳುವವಳು.

ಮರುದಿನ ಆಡಿಟರ್ ಬಂದರು. ಕೈಯಲ್ಲಿ ಫೈಲ್ ಹಿಡಿದ ಶಾಂತ ಹೆಂಗಸು. ಮೊದಲ ಮೂರು ಮಹಡಿ ಸಲೀಸಾಗಿ ಮುಗಿಯಿತು. ನಾಲ್ಕನೆಯದು ಬಾಣಂತಿಯರ ವಾರ್ಡು. ಮಂಚಗಳು ಇನ್ನೂ ಬಂದಿರಲಿಲ್ಲ. ಆಡಿಟರ್ ಕಿಟಕಿ ಕಡೆ ಒಮ್ಮೆ ನೋಡಿ ಟಿಕ್ ಹಾಕಲು ಪೆನ್ನು ತೆಗೆದರು. ಮ್ಯಾನೇಜರ್ ಆಗಲೇ ಲಿಫ್ಟ್ ಬಟನ್ ಒತ್ತಿದ್ದರು.

"ಮೇಡಂ, ಏಕ್ ಮಿನಿಟ್" ಎಂದ ಸದಾನಂದಣ್ಣ ಜೇಬಿನಿಂದ ಲೈಟರ್ ತೆಗೆದು ಗಾಜಿನ ಎದುರು ಹಚ್ಚಿದರು. ಎರಡು ಹಾಳೆಯ ಒಂದೊಂದು ಮೈಗೆ ಒಂದರಂತೆ ಗಾಜಿನಲ್ಲಿ ನಾಲ್ಕು ಪುಟ್ಟ ಜ್ವಾಲೆಗಳು ಸಾಲಾಗಿ ಕಂಡವು. ಲೇಪ ಹೊರಗಿನ ಹಾಳೆಯಲ್ಲಿದ್ದರೆ, ಒಳಗಿನಿಂದ ನೋಡುವಾಗ ಮೂರನೆಯದರ ಬಣ್ಣ ಬೇರೆ ಇರಬೇಕಂತೆ. ಇಲ್ಲಿ ಬೇರೆ ಇದ್ದದ್ದು ಎರಡನೆಯದು.

"ಉಲ್ಟಾ ಹೈ. ಗಲ್ತಿ ಮೇರಾ ಹೈ." ತಪ್ಪು ತನ್ನದೇ ಅಂತ.

ಆಡಿಟರ್ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಾನಾಗಿ ಇದನ್ನು ಕೇಳುತ್ತಿರಲಿಲ್ಲ. ರಿಯಾಯಿತಿಯ ಫಾರ್ಮಿಗೆ ಬೇಕಿದ್ದದ್ದು ನಿಮ್ಮ ಸಹಿ ಮಾತ್ರ" ಎಂದರು ಇಂಗ್ಲಿಷ್‌ನಲ್ಲಿ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅವರು ಹೋದ ಮೇಲೆ ಮ್ಯಾನೇಜರ್ ಒಬ್ಬರೇ ಲಿಫ್ಟ್ ಹತ್ತಿ ಇಳಿದುಹೋದರು. ಮೆಟ್ಟಿಲಿಳಿಯುವಾಗ ನಾನು ಸದಾನಂದಣ್ಣನನ್ನು ಸಿಟ್ಟಿನಿಂದಲೇ ಕೇಳಿದೆ. "ಯಾಕೆ ಹೇಳಿದ್ರಿ? ನಿಮ್ಮ ಪರ್ಮಿಟ್ ಗತಿ ಏನು?"

"ಎಂಥ ಮಾಡುದು ಮೇಡಂ? ಮಧ್ಯಾಹ್ನ ಮೇಲೆ ಆ ಬಿಸಿಲು ಸೀದಾ ಮಗು ಮಲಗುವಲ್ಲಿಗೆ ಬರ್ತದೆ. ಬಾಣಂತಿ ಬಂದು ಲೈಟರ್ ಹಿಡ್ದು ನೋಡ್ತಾಳಾ?"

ಮರುದಿನದಿಂದ ಅವರು, ಅವರ ಗ್ಯಾಂಗು ನಸುಕಿಗೇ ಹೊರಟರು. ಇಲ್ಲಿನ ಕಾನೂನಿನಂತೆ ಬೇಸಿಗೆಯಲ್ಲಿ ನಡುಮಧ್ಯಾಹ್ನ ಹೊರಗೆ ಕೆಲಸ ಮಾಡುವಂತಿಲ್ಲವಲ್ಲ, ಅಷ್ಟರೊಳಗೆ ಆದಷ್ಟು ಗಾಜು ಬಿಚ್ಚಿ ತಿರುಗಿಸಬೇಕು. ನಿನ್ನೆಗೆ ಕೆಲಸ ಮುಗಿಯಿತು. ನಾನು ಈ ಸಲ ಹೋಗಿ ಪ್ರತಿ ಕಿಟಕಿಗೂ ಲೈಟರ್ ಹಿಡಿದು ನೋಡಿಯೇ ಸಹಿ ಹಾಕಿದೆ. ಮಾಲೀಕರಿಗೆ ರಿಯಾಯಿತಿ ಸಿಗುತ್ತದೆ.

ಸದಾನಂದಣ್ಣನ ಕಾಗದ ಮಾತ್ರ ಮ್ಯಾನೇಜರ್ ಟೇಬಲ್ ಮೇಲೇ ಇದೆ. "ನೋಡದೆ ಸಹಿ ಹಾಕಿದ್ದು ನಾನು, ಮುಚ್ಚಿಡಲು ಹೇಳಿದ್ದೂ ನಾನು" ಎಂದು ಮ್ಯಾನೇಜರ್‌ಗೆ ಒಂದು ಮೇಲ್ ಟೈಪ್ ಮಾಡಿಟ್ಟು ಮೂರು ದಿನವಾಯಿತು.

ಈ ಅಂಕಣವನ್ನು ಸಂಪಾದಕರಿಗೆ ಕಳಿಸಲು ಒಂದು ಕ್ಲಿಕ್ ಸಾಕು. ಆ ಮೇಲ್ ಕಳಿಸಲು ನನ್ನ ಬೆರಳಿಗೆ ಏನಾಗಿದೆ?